ಹಳೆಯ ಪಾಂಟೂನ್ ದೋಣಿ: ಎರಡರಲ್ಲಿ ಯಾವುದು?

ಅಮೆರಿಕದ ಮಿನ್ನೆಸೋಟಾದಲ್ಲಿ ನೆಲೆಸಿರುವ ಸೋದರಿಯರೇ, ಬೇಸಿಗೆ ಬಂತೆಂದರೆ ಮನೆಮಂದಿಗೆಲ್ಲ ಕೆರೆಯ ಹುಚ್ಚು, ಅಲ್ಲವೇ? ದಪ್ಪ ಅಲ್ಯೂಮಿನಿಯಂ ಕೊಳವೆಗಳ ಮೇಲೆ ಜಗಲಿಯಂತೆ ತೇಲುವ ಪಾಂಟೂನ್ ದೋಣಿ ಅತ್ತೆಯವರಿಗೂ ಹತ್ತಲು ಸಲೀಸು.

ಒಂದೇ ಅಳತೆ, ಒಂದೇ ಬೆಲೆಯ ಎರಡು ಹಳೆಯ ದೋಣಿಗಳಿದ್ದರೆ ಹೊಸ ಸೀಟಿಗೆ ಮರುಳಾಗಬೇಡಿ. ಹರಿದ ಸೀಟು ಹೊಲಿಸಬಹುದು. ಕಾರ್ಪೆಟ್ಟಿನಡಿಯ ಪ್ಲೈವುಡ್ ಕೊಳೆತಿದ್ದರೆ ಸೀಟು, ಕಟಕಟೆ ಎಲ್ಲಾ ಕೀಳಿಸಬೇಕು. ಚಪ್ಪಲಿ ಬಿಟ್ಟು, ಮೂಲೆಮೂಲೆಯನ್ನೂ ಹಿಮ್ಮಡಿಯಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬೇಡವೇ ಬೇಡ. (ಗಂಡಸರು ನೋಡೋದು ಎಂಜಿನ್ ಒಂದೇ!) ಕೊಳವೆಯ ಬೆಸುಗೆ ಬಿಟ್ಟಿದೆಯೇ, ಒಳಗೆ ನೀರು ನಿಂತಿದೆಯೇ ಎಂಬುದನ್ನೂ ಪರೀಕ್ಷಿಸಿ. ನೀರಿಗಿಳಿಸಿ ಓಡಿಸಿ ತೋರಿಸದವರಿಗೆ ಮುಂಗಡ ಕೊಡಕೂಡದು.

ಅಲ್ಲಿ ದೋಣಿ ಸಾಗುವಾಗ 10 ವರ್ಷದೊಳಗಿನ ಮಕ್ಕಳಿಗೆ ಜೀವರಕ್ಷಕ ಅಂಗಿ ಕಡ್ಡಾಯ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದೇ ಚೌಕಾಸಿಗಿಳಿಯಿರಿ.