ಕುಣಿದವರು ಯಾರು?

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಮೈಸೂರು ಅರಮನೆಯ ನಾಟಕ ಮಂಡಳಿ ಬಸವಪ್ಪ ಶಾಸ್ತ್ರಿಗಳ 'ಶಾಕುಂತಲ'ವನ್ನು ಆಡುತ್ತಿದ್ದ ಕಾಲದಲ್ಲಿ ಮಾತು, ಹಾಡು, ಅಭಿನಯ ಮೂರೂ ಒಬ್ಬನೇ ನಟನ ಹೊಣೆ. ಸಿನಿಮಾ ಈ ಹೊಣೆಯನ್ನು ಹಂಚಿಹಾಕಿತು. ಗುಬ್ಬಿ ಕಂಪೆನಿಯಿಂದ ಬಂದ ರಾಜ್‌ಕುಮಾರ್ ಅವರಿಗೆ ತೆರೆಯ ಮೇಲೆ ಬಹುಕಾಲ ದನಿಯಾದವರು ಪಿ.ಬಿ. ಶ್ರೀನಿವಾಸ್. ಧುತ್ತರಗಿಯವರ ನಾಟಕವನ್ನು ಆಧರಿಸಿದ 'ಸಂಪತ್ತಿಗೆ ಸವಾಲ್' (1974) ಚಿತ್ರದ ನಂತರವೇ ಅವರು ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು.

ಕನ್ನಡದಲ್ಲಿ ನಾಟಕ ಸಿನಿಮಾ ಆದದ್ದೇ ಹೆಚ್ಚು. ಪಶ್ಚಿಮದಲ್ಲಿ ಕೆಲವು ದಶಕಗಳಿಂದ ಇದರ ವಿರುದ್ಧ ದಿಕ್ಕಿನ ಪಯಣವೂ ನಡೆದಿದೆ. ನೃತ್ಯವನ್ನೇ ಕಥೆಯಾಗುಳ್ಳ ಚಿತ್ರಗಳು ಸಂಗೀತ ನಾಟಕಗಳಾಗಿ ರಂಗವೇರುತ್ತಿವೆ. ಆಗ ಹಂಚಿಹೋಗಿದ್ದ ಹೊಣೆ ಮತ್ತೆ ಒಬ್ಬರ ಹೆಗಲಿಗೆ ಬರುತ್ತದೆ.

1983ರ 'ಫ್ಲ್ಯಾಷ್‌ಡಾನ್ಸ್' ಚಿತ್ರವನ್ನೇ ನೋಡಬಹುದು. ಹಗಲು ವೆಲ್ಡಿಂಗ್ ಕೆಲಸ ಮಾಡಿ ರಾತ್ರಿ ಕುಣಿಯುವ ಹುಡುಗಿಯ ಪಾತ್ರ ಜೆನಿಫರ್ ಬೀಲ್ಸ್ ಅವರದು. ಆದರೆ ಆ ಪಾತ್ರದ ನೃತ್ಯವನ್ನು ಬಹುಪಾಲು ಕುಣಿದವರು ಮರೀನ್ ಜಹಾನ್. ಕೊನೆಯ ನೃತ್ಯದ ಒಂದು ನೆಗೆತಕ್ಕೆ ಜಿಮ್ನಾಸ್ಟ್ ಒಬ್ಬರು, ನೆಲದ ಮೇಲಿನ ಗಿರಕಿಗೆ ಹುಡುಗನೊಬ್ಬ ಬಂದರು. ಇವೆಲ್ಲವನ್ನೂ ಒಂದೇ ದೇಹವೆಂಬಂತೆ ಬೆಸೆದದ್ದು ಸಂಕಲನಕಾರರ ಕತ್ತರಿ. ಚಿತ್ರದ ಹೆಸರುಪಟ್ಟಿಯಲ್ಲಿ ಜಹಾನ್ ಅವರ ಹೆಸರೇ ಇರಲಿಲ್ಲ! 2008ರಲ್ಲಿ ಇದೇ ಕಥೆ ಬ್ರಿಟನ್ನಿನಲ್ಲಿ ರಂಗಕ್ಕೆ ಬಂತು. ಅಲ್ಲಿ ಕತ್ತರಿಗೆ ಎಡೆಯಿಲ್ಲ. ಪಾತ್ರಧಾರಿಯೇ ಹಾಡಬೇಕು, ಕುಣಿಯಬೇಕು, ಏದುಸಿರನ್ನು ನುಂಗಿಕೊಂಡು ಮುಂದಿನ ಮಾತನ್ನೂ ಆಡಬೇಕು.

ಈ ಶ್ರಮ ಎಷ್ಟೆಂಬುದಕ್ಕೆ 'ಬಿಲ್ಲಿ ಎಲಿಯಟ್' ಸಾಕ್ಷಿ. 1984-85ರ ಕಲ್ಲಿದ್ದಲು ಗಣಿ ಮುಷ್ಕರದ ಹಿನ್ನೆಲೆಯಲ್ಲಿ ಬ್ಯಾಲೆ ಕಲಿಯಬಯಸುವ ಗಣಿಕಾರ್ಮಿಕನ ಮಗನ ಕಥೆ ಇದು. 2000ದಲ್ಲಿ ಚಿತ್ರ, 2005ರಲ್ಲಿ ಎಲ್ಟನ್ ಜಾನ್ ಸಂಗೀತದೊಂದಿಗೆ ಲಂಡನ್ನಿನಲ್ಲಿ ನಾಟಕ. ಚಿತ್ರದಲ್ಲಿ ಒಬ್ಬ ಹುಡುಗ ಸಾಕಾಯಿತು. ರಂಗದಲ್ಲಿ ಒಂದೇ ಪಾತ್ರಕ್ಕೆ ಮೂವರು ಹುಡುಗರನ್ನು ಸಜ್ಜುಗೊಳಿಸಿ ಸರದಿಯ ಮೇಲೆ ಆಡಿಸಬೇಕಾಯಿತು. ನ್ಯೂಯಾರ್ಕಿನ ಪ್ರಯೋಗದ ಮೂವರು 2009ರಲ್ಲಿ ಶ್ರೇಷ್ಠ ನಟ ಟೋನಿ ಪ್ರಶಸ್ತಿಯನ್ನು ಹಂಚಿಕೊಂಡರು.

ರಂಗ ಕಳೆದುಕೊಳ್ಳುವುದೂ ಉಂಟು. ಕ್ಯಾಮೆರಾ ಮುಖದ ಸಮೀಪಕ್ಕೆ ಹೋಗಬಲ್ಲದು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಆ ಸೌಲಭ್ಯವಿಲ್ಲ. ಮೈಸೂರು ಶೈಲಿಯ ಭರತನಾಟ್ಯ ಬಲ್ಲವರಿಗೆ ಇದು ಬೇಗ ಅರ್ಥವಾದೀತು. ಆಸ್ಥಾನ ವಿದುಷಿ ವೆಂಕಟಲಕ್ಷಮ್ಮನವರ ಅಭಿನಯದ ಸೊಗಸೆಲ್ಲ ಕಣ್ಣು, ಹುಬ್ಬುಗಳ ಚಲನೆಯಲ್ಲಿತ್ತು. ಹತ್ತಿರ ಕುಳಿತವರಿಗೇ ಅದರ ಪೂರ್ಣ ಸವಿ. ದೊಡ್ಡ ರಂಗಮಂದಿರದಲ್ಲಿ ಅದರ ಕೆಲಸವನ್ನು ಇಡೀ ದೇಹ, ಬೆಳಕು ಮತ್ತು ಸಮೂಹ ನೃತ್ಯ ಮಾಡಬೇಕು.

ಆದ್ದರಿಂದ ಇಂಥ ನಾಟಕ ನೋಡುವಾಗ ಚಿತ್ರದ ದೃಶ್ಯಗಳು ಹಾಗೆಯೇ ಬಂದಿವೆಯೇ ಎಂದು ಹುಡುಕುವುದು ವ್ಯರ್ಥ. ಪಾತ್ರ ಯಾರದೋ ಕುಣಿತವೂ ಅವರದೇ ಎಂಬ ಭರವಸೆಯೇ ರಂಗದ ಕೊಡುಗೆ. ಜಹಾನ್ ಅವರಿಗೆ ಹೆಸರುಪಟ್ಟಿಯಲ್ಲಿ ಸಿಗದ ಮನ್ನಣೆ, ಇಲ್ಲಿ ಕುಣಿದವರಿಗೆ ಆ ಸಂಜೆಯೇ ಚಪ್ಪಾಳೆಯಾಗಿ ಸಲ್ಲುತ್ತದೆ.