ತುಳಸಿಗೆ ಹಾಲೇಕೆ? ನೀರೇ ಸಾಕು!

ಸೋದರಿಯರೇ, ನಿಮ್ಮ ಮನೆಯ ತುಳಸಿಗೆ ಏನು ಹಾಕುತ್ತೀರಿ? ನೀರೇ ತಾನೆ? ಸಾಂಬ್ರಾದ ನಮ್ಮ ಮನೆಯಲ್ಲೂ ಹಾಗೇ ಇತ್ತು. ಒಂದು ಕಾರ್ತಿಕದಲ್ಲಿ ಮಾತ್ರ ನನಗೆ ಭಕ್ತಿ ಹೆಚ್ಚಾಗಿ, ದಿನಾ ಒಂದು ಲೋಟ ಸಕ್ಕರೆ ಹಾಕಿದ ಹಾಲು ಎರೆಯತೊಡಗಿದೆ. ತಿಂಗಳಾಗುವಷ್ಟರಲ್ಲಿ ಮಣ್ಣಿಗೆ ಹುಳಿ ವಾಸನೆ, ಇರುವೆಯ ಸಾಲು. ಎಲೆ ಉದುರಿ ಗಿಡ ಬರೀ ಕಡ್ಡಿಯಾಯಿತು. ಅತ್ತೆಯವರು ಕೈಯಾರೆ ನೆಟ್ಟ ಗಿಡ ಅದು! “ಹಾಲು ಕುಡಿಯೂದು ಕೂಸು, ಗಿಡ ಅಲ್ಲವ್ವಾ” ಅಂದರಷ್ಟೇ. ಬೈದಿದ್ದರೇ ವಾಸಿಯಿತ್ತು.

ಹಾಲಿನಲ್ಲಿ ನೂರಕ್ಕೆ ಸುಮಾರು 87 ಪಾಲು ನೀರೇ. ಆದರೂ ಗಿಡ ಸೊರಗಿದ್ದೇಕೆ? ನಮ್ಮಂತೆ ಹಾಲನ್ನು ಅರಗಿಸಿಕೊಳ್ಳಲು ಗಿಡಕ್ಕೆ ಹೊಟ್ಟೆಯಿಲ್ಲ. ಬೇರು ಹೀರುವುದು ನೀರನ್ನು, ಅದರಲ್ಲಿ ಕರಗಿದ ಲವಣಗಳನ್ನು. ಹಾಲಿನ ಜಿಡ್ಡು ಮಣ್ಣಿನಲ್ಲಿ ಉಳಿದು ಕೊಳೆಯುತ್ತದೆ. ಬೇರಿಗೆ ಉಸಿರು ಕಟ್ಟುತ್ತದೆ.

ಇನ್ನು ಸಕ್ಕರೆ, ಉಪ್ಪು. ಉಪ್ಪಿನಕಾಯಿಗೆಂದು ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಹೋಳು ನೀರು ಬಿಡುತ್ತದಲ್ಲವೇ? ಮಣ್ಣಿನಲ್ಲಿ ಉಪ್ಪೋ ಸಕ್ಕರೆಯೋ ಹೆಚ್ಚಾದರೆ ಬೇರಿನ ಪಾಡೂ ಅದೇ. ಸುತ್ತ ತೇವವಿದ್ದರೂ ಗಿಡಕ್ಕೆ ನೀರಡಿಕೆ!

ನೀರು ಮಾಡುವ ಕೆಲಸ ಒಂದೆರಡಲ್ಲ. ಮಣ್ಣಿನ ಸಾರವನ್ನು ಎಲೆಗೆ ಮುಟ್ಟಿಸುತ್ತದೆ, ಎಲೆಯನ್ನು ಬಾಡದಂತೆ ನಿಲ್ಲಿಸುತ್ತದೆ, ಆವಿಯಾಗಿ ಹೋಗುತ್ತಾ ತಂಪು ಮಾಡುತ್ತದೆ. ಬಿಸಿಲು, ಗಾಳಿಯ ಜೊತೆ ಸೇರಿ ಗಿಡದ ಆಹಾರವೇ ಆಗುತ್ತದೆ. ಆಗ ಹೊರಬರುವ ಆಮ್ಲಜನಕವೂ ನೀರಿನದೇ.

ಬೆಲ್ಜಿಯಂ ನಾಡಿನ ವ್ಯಾನ್ ಹೆಲ್ಮಾಂಟ್ ಎಂಬ ವೈದ್ಯ ಒಂದು ವಿಲೋ ಸಸಿಗೆ 5 ವರ್ಷ ಬರೀ ನೀರು ಹಾಕಿದ. 1648ರಲ್ಲಿ ಅಚ್ಚಾದ ಅವನ ಪುಸ್ತಕದ ಪ್ರಕಾರ, 5 ಪೌಂಡಿನ ಸಸಿ 169 ಪೌಂಡಾಯಿತು. 200 ಪೌಂಡ್ ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್! ಎಲ್ಲವೂ ನೀರಿನಿಂದಲೇ ಎಂದುಕೊಂಡ. ಗಾಳಿಯ ಇಂಗಾಲದ ಪಾಲು ಅವನಿಗೆ ತಿಳಿದಿರಲಿಲ್ಲ.

ಬೇಸಿಗೆಯಲ್ಲಿ ನೀರಿಗೆ ತತ್ವಾರವಾದಾಗ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರನ್ನು ಚೆಲ್ಲಬೇಡಿ, ಗಿಡಕ್ಕೆ ಹಾಕಿ. ಉಪ್ಪು ಬೆರೆತದ್ದು, ಸಾಬೂನು, ಸೋಡಾದ ನೀರು ಬೇಡ. ನೀರಾದರೂ ಅತಿಯಾದರೆ ಬೇರು ಕೊಳೆತೀತು. ಬೆರಳಿನಿಂದ ಮಣ್ಣು ಮುಟ್ಟಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ.

ನಮ್ಮ ತುಳಸಿ ಏನಾಯಿತೆಂದಿರಾ? ಮಣ್ಣು ಬದಲಿಸಿ, ಒಣಗಿದ ತೆನೆಯ ಬೀಜ ಉದುರಿಸಿ, ನೀರು ಚಿಮುಕಿಸಿದೆ. ಕೆಲವು ದಿನಕ್ಕೆ ಮೊಳಕೆ ಬಂತು. ಮೊದಲು ನೋಡಿದವರು ಅತ್ತೆಯವರೇ. ಈಗ ಹಾಲು ನೈವೇದ್ಯಕ್ಕೆ, ಆಮೇಲೆ ಮಕ್ಕಳಿಗೆ. ತುಳಸಿಗೆ ಒಂದು ತಂಬಿಗೆ ನೀರು!