ಸೇಡಂ ಹುಡುಗನಿಗೆ ಪುಣೆಯಲ್ಲಿ ಸಿಕ್ಕ ಮಾನ್ಯಖೇಟ

ಎರಡು ವರ್ಷದ ಹಿಂದಿನ ಮಾತು. ಪುಣೆಯ ನಮ್ಮ ಆಫೀಸಿನ ತಂಡ ವಾರಾಂತ್ಯಕ್ಕೆಂದು ಎಲ್ಲೋರಾಕ್ಕೆ ಹೋಗಿತ್ತು. ಹದಿನಾರನೇ ಗುಹೆ, ಅಂದರೆ ಕೈಲಾಸ ದೇವಾಲಯದ ಅಂಗಳದಲ್ಲಿ ನಿಂತಿದ್ದೆವು. ಬೆಟ್ಟವನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ ಗುಡಿ. ಇದನ್ನು ಮಾಡಿಸಿದವನು ರಾಷ್ಟ್ರಕೂಟರ ಒಂದನೇ ಕೃಷ್ಣ ಎಂದು ಗೈಡ್ ಹೇಳಿದ. ಪಕ್ಕದಲ್ಲಿದ್ದ ಮರಾಠಿ ಸಹೋದ್ಯೋಗಿ ನನ್ನ ಕಡೆ ತಿರುಗಿ, 'ರಾಷ್ಟ್ರಕೂಟರ ರಾಜಧಾನಿ ನಿಮ್ಮ ಕಡೆಯೇ ಅಲ್ಲವಾ?' ಎಂದು ಕೇಳಿದ.

'ಹೌದು, ಮಳಖೇಡ. ನಮ್ಮ ತಾಲ್ಲೂಕಿನದೇ ಊರು' ಎಂದು ಎದೆಯುಬ್ಬಿಸಿ ಹೇಳಿದೆ. 'ಅಲ್ಲಿ ನೋಡಲು ಏನಿದೆ?' ಎಂದ. ತಡವರಿಸಿದೆ. 'ಹಾಳು ಬಿದ್ದ ಕೋಟೆ ಇದೆ, ಟೀಕಾಚಾರ್ಯರ ಮಠ ಇದೆ, ಸಿಮೆಂಟ್ ಫ್ಯಾಕ್ಟರಿ ಇದೆ' ಎಂದೆ. ಮುಂದೆ ಮಾತು ಬರಲಿಲ್ಲ.

ಸೇಡಂನಿಂದ ಕಲಬುರಗಿಗೆ ಓಡಾಡುವಾಗ ಸಾವಿರ ಸಲವಾದರೂ ಮಳಖೇಡ ದಾಟಿದ್ದೇನೆ. ಬಸ್ಸಿನ ಕಿಟಕಿಯಿಂದ ಕೋಟೆ ಕಂಡರೆ 'ಇನ್ನು ಅರ್ಧ ಗಂಟೆಗೆ ಮನೆ' ಎಂಬ ಲೆಕ್ಕ, ಅಷ್ಟೇ. ಶಾಲೆಯಲ್ಲಿ ಅಮೋಘವರ್ಷ ನೃಪತುಂಗ ಎರಡು ಅಂಕದ ಪ್ರಶ್ನೆಯಾಗಿದ್ದ. ಎಂಟೆಕ್ ಮುಗಿಸಿ, ಪುಣೆಗೆ ಬಂದು ಹತ್ತು ವರ್ಷವಾದ ಮೇಲೂ ನನ್ನ ತಿಳಿವಳಿಕೆ ಆ ಎರಡು ಅಂಕದಲ್ಲೇ ನಿಂತಿತ್ತು.

ಕಥೆಯಂತೆ ಓದಿಸಿದ ಚರಿತ್ರೆ

ವಾಪಸ್ ಬಂದ ಮೇಲೆ ಆ ಸಹೋದ್ಯೋಗಿಯೇ ಒಂದು ಪುಸ್ತಕ ತಂದುಕೊಟ್ಟ. ಅನಿರುದ್ಧ ಕನಿಸೆಟ್ಟಿ ಬರೆದ 'ಲಾರ್ಡ್ಸ್ ಆಫ್ ದ ಡೆಕ್ಕನ್'. 2022ರಲ್ಲಿ ಬಂದ ಈ ಇಂಗ್ಲಿಷ್ ಪುಸ್ತಕಕ್ಕೆ 2023ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರವೂ ಬಂದಿದೆ. ಬಾದಾಮಿಯ ಚಾಲುಕ್ಯರು, ಮಳಖೇಡದ ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಇದರ ನಾಯಕರು. ದಿಲ್ಲಿಯಿಂದ ಅಲ್ಲ, ದಖ್ಖನ್ನಿನಿಂದ ಭಾರತವನ್ನು ನೋಡುವ ಪುಸ್ತಕ.

ನನಗೆ ಹಿಡಿಸಿದ್ದು ಲೇಖಕರು ರಾಜರನ್ನು ಹೊಗಳಲು ಕೂರುವುದಿಲ್ಲ ಎಂಬುದು. ಗುಡಿ ಕಟ್ಟಿಸುವುದು, ದಾನ ಕೊಡುವುದು, ಕವಿಗಳನ್ನು ಸಾಕುವುದು ಭಕ್ತಿಯ ಜೊತೆಗೆ ಅಧಿಕಾರದ ಕೆಲಸವೂ ಆಗಿತ್ತು ಎಂದು ತೋರಿಸುತ್ತಾರೆ. ಶಾಸನಗಳ ಪ್ರಶಸ್ತಿ ಭಾಗ ಓದುವಾಗ ನನಗೆ ನಮ್ಮ ಕಂಪನಿಗಳ ಪ್ರೆಸ್ ನೋಟ್ ನೆನಪಾಗುತ್ತದೆ. ಗೆದ್ದಿದ್ದು ದೊಡ್ಡ ಅಕ್ಷರದಲ್ಲಿ, ಸೋತಿದ್ದು ಎಲ್ಲೂ ಇಲ್ಲ! ಹಾಗೆಯೇ ಕಥನ ಶೈಲಿಯ ಚರಿತ್ರೆ ಓದುವಾಗ ಶಾಸನ ಹೇಳಿದ್ದೆಷ್ಟು, ಲೇಖಕರ ಊಹೆ ಎಷ್ಟು ಎಂದು ನಾವೂ ಗಮನಿಸುತ್ತಿರಬೇಕು.

ಪುಸ್ತಕ ಮುಗಿಸಿ ಸುಮ್ಮನಿರಲಾಗಲಿಲ್ಲ. ರಾಷ್ಟ್ರಕೂಟರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಅಮೋಘವರ್ಷ ಆಳಿದ್ದು ಕ್ರಿ.ಶ. 814ರಿಂದ 878ರವರೆಗೆ, 64 ವರ್ಷ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಅವನ ಆಸ್ಥಾನದ್ದು. ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನಲ್ಲಿರುವ 851ರ ಬರಹ 'ಬಲ್ಹರಾ'ನನ್ನು ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬನೆಂದು ಎಣಿಸುತ್ತದೆ. ಆ ಬಲ್ಹರಾ ಬೇರೆ ಯಾರೂ ಅಲ್ಲ, ರಾಷ್ಟ್ರಕೂಟರ ವಲ್ಲಭರಾಜ. ನಾನು ಕಡಲೆಕಾಯಿ ತಿನ್ನುತ್ತ ದಾಟುತ್ತಿದ್ದ ಊರಿನ ಸುದ್ದಿ ಆಗ ಅರಬ್ ನಾಡಿನವರೆಗೆ ಮುಟ್ಟಿತ್ತು!

ಗಡಿ ಇಲ್ಲದ ನಾಡು

ಇನ್ನೊಂದು ಸಂಗತಿ. ಎಲ್ಲೋರಾದ ಕೈಲಾಸವನ್ನು ಕೃಷ್ಣನ ಹೆಸರಿಗೆ ಜೋಡಿಸುವ ಮುಖ್ಯ ಆಧಾರ ಗುಜರಾತಿನ ವಡೋದರಾದಲ್ಲಿ ಸಿಕ್ಕ ತಾಮ್ರಪಟ. ಗುಡಿ ಮುಗಿದಾಗ ಅದನ್ನು ಕಟ್ಟಿದ ಶಿಲ್ಪಿಯೇ ಬೆರಗಾದನೆಂದು ಅದು ಹೇಳುತ್ತದೆ. ಅಮೋಘವರ್ಷ ನಾಡಿನ ಕಷ್ಟ ನೀಗಲೆಂದು ಮಹಾಲಕ್ಷ್ಮಿಗೆ ತನ್ನ ಬೆರಳನ್ನೇ ಕತ್ತರಿಸಿ ಕೊಟ್ಟನೆಂಬ ಮಾತು ಇರುವುದು ಸಂಜಾನ್ ತಾಮ್ರಪಟದಲ್ಲಿ. ಆ ಊರೂ ಇಂದಿನ ಗುಜರಾತಿನದ್ದೇ. ಪಂಪನ ಆಶ್ರಯದಾತ ಅರಿಕೇಸರಿಯ ವೇಮುಲವಾಡ ಇಂದು ತೆಲಂಗಾಣದಲ್ಲಿದೆ. ಕಂಚಿಯ ಕೈಲಾಸನಾಥ ಗುಡಿಯಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ.

ಪುಣೆಯಲ್ಲಿ ಮನೆ ಮಾಡಿದ ನನ್ನಂಥವನಿಗೆ ಇದು ಬಹಳ ಮುಖ್ಯ. 'ಎಲ್ಲೋರಾ ನಮ್ಮದು' ಎಂದು ಜಗಳ ತೆಗೆಯುವುದಕ್ಕಲ್ಲ. ಅಂದು ಈಗಿನ ಗಡಿಗಳೇ ಇರಲಿಲ್ಲ. ಕೈಲಾಸಕ್ಕೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಪ್ರಭಾವವಿದೆ. ಅದರ ಮೇಲೆ ಕಂಚಿಯ ಪ್ರಭಾವವಿದೆ. ಇದರಲ್ಲಿ ಯಾವುದು ಯಾರದು? ಈ ಪುಸ್ತಕದ ನಂತರ ನನಗೂ ನನ್ನ ಮರಾಠಿ ಗೆಳೆಯನಿಗೂ ಮಾತಾಡಲು ಹೊಸ ವಿಷಯ ಸಿಕ್ಕಿದೆ, ಜಗಳಕ್ಕಲ್ಲ.

ಇದೇ ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಆಲೂರು ವೆಂಕಟರಾಯರು 1917ರಲ್ಲಿ 'ಕರ್ನಾಟಕ ಗತವೈಭವ' ಬರೆದು ಹರಿದು ಹಂಚಿಹೋಗಿದ್ದ ಕನ್ನಡಿಗರನ್ನು ಎಚ್ಚರಿಸಿದರು. 1966ರಲ್ಲಿ ಬಂದ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಶಾಸನದ ಕಲ್ಲಿನಿಂದ ಜನಜೀವನವನ್ನೇ ಹೊರತೆಗೆದ ಪುಸ್ತಕ. ಇವೆಲ್ಲ ಇದ್ದೂ ನಾನು ನನ್ನ ಊರನ್ನು ಇಂಗ್ಲಿಷ್ ಪುಸ್ತಕದಿಂದ ತಿಳಿಯಬೇಕಾಯಿತು ಎಂಬುದು ನನ್ನದೇ ತಪ್ಪು. ಈಗ ಇವೆರಡೂ ನನ್ನ ಕಪಾಟಿನಲ್ಲಿವೆ. ಇಂಗ್ಲಿಷ್ ಪುಸ್ತಕ ಬಾಗಿಲು ತೆರೆಯಿತು, ಒಳಮನೆ ಕನ್ನಡದಲ್ಲೇ ಇತ್ತು. ಆದರೆ ಪಂಡಿತರ ಆ ಶ್ರಮವನ್ನು ನಮ್ಮ ವಯಸ್ಸಿನವರಿಗೆ ಕಥೆಯಂತೆ ಹೇಳುವ ಪುಸ್ತಕಗಳು ಕನ್ನಡದಲ್ಲೇ ಇನ್ನೂ ಹೆಚ್ಚು ಹುಟ್ಟಬೇಕು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನು ಕರೆದುಕೊಂಡು ಮಳಖೇಡದಲ್ಲಿ ಇಳಿದೆ. ಕಾಗಿಣಾ ನದಿಯ ದಂಡೆಯ ಕೋಟೆಯಲ್ಲಿ ಅಡ್ಡಾಡಿದೆವು. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಈ ರಾಜಧಾನಿಯನ್ನು ಲೂಟಿ ಮಾಡಿದ್ದನ್ನು ಹೇಳಿದೆ. ಅಪ್ಪ ನನ್ನ ಕೈಯಲ್ಲಿದ್ದ ಪುಸ್ತಕ ತೆಗೆದುಕೊಂಡು ಹಾಳೆ ತಿರುವಿ ವಾಪಸ್ ಕೊಟ್ಟರು. 'ನನಗ ಇಂಗ್ಲಿಷ್ ಓದ್ಲಿಕ್ಕ ಬರಂಗಿಲ್ಲ. ನೀನೇ ಹೇಳು' ಅಂದರು.

ಅಂದಿನಿಂದ ಭಾನುವಾರದ ಫೋನಿನಲ್ಲಿ ಒಂದೊಂದು ಅಧ್ಯಾಯ ಹೇಳುತ್ತಿದ್ದೇನೆ, ಕನ್ನಡದಲ್ಲಿ. ನಡುನಡುವೆ ಸರಿಯಾದ ಪದ ಸಿಗದೆ ನಾನು ನಿಂತರೆ ಅಪ್ಪನೇ ಹುಡುಕಿಕೊಡುತ್ತಾರೆ. ಈ ವಾರ ಧ್ರುವನ ಕಥೆ. ಅಪ್ಪ ಆಗಲೇ ಎರಡು ಸಲ ನೆನಪಿಸಿದ್ದಾರೆ.